ಜಾಕೂಬಾಯಿ

ಹೊಸ್ತಿಲು ದಾಟಿ ಯಾವ ಹೆಂಗಸು ಒಳಗೆ ಬಂದರೂ ನರ್ಮದಾ ಅಳು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತಿದ್ದಳು. ಪಡಸಾಲೆಯಲ್ಲಿ ಗಂಡ ಪ್ರಹ್ಲಾದ ಮಾಸ್ತರರನ್ನು ಸ್ನಾನ ಮಾಡಿಸಿ ಚಟ್ಟದ ಮೇಲೆ ಮಲಗಿಸಿದ್ದರು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ಲಕ್ಷ್ಮೇಶ್ವರದ ಪೇಟೆಯಲ್ಲಿ ಮೊನ್ನೆ ಕನ್ನಡ ನಾಡಿನ ಏಕೀಕರಣಕ್ಕೆ ಕಟ್ಟಿದ ತೋರಣವನ್ನು ಇನ್ನೂ ಇಳಿಸಿರಲಿಲ್ಲ.

"ಯಾರ ಹಾದಿ ಕಾಯಾಕತ್ತೀರಿ ಬಾಯಾರ?" ಪಕ್ಕದ ಮನೆಯ ಕಸ್ತೂರೆವ್ವ ಮೆಲ್ಲಗೆ ಕೇಳಿದಳು.

"ಒಬ್ಬಾಕಿ ಬರೋದದ."

*

ದೇಶ ಸ್ವತಂತ್ರವಾದ ವರ್ಷವೇ ಅವರ ಮದುವೆಯಾದದ್ದು. ಗದಗಿನ ಅನಂತ ಮಾಸ್ತರ ರವಿವಾರ ಬಂದನೆಂದರೆ ಗೆಳೆಯರಿಬ್ಬರೂ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಗಂಡ ಹೇಳಿದ್ದು ಒಗ್ಗರಣೆಯ ಸದ್ದಿನ ನಡುವೆ ಒಳಗೆ ಕೇಳಿಸಿತು.

"ಜಾಕೋಬಿ ಅಷ್ಟು ಸುಲಭಕ್ಕ ಕೈಗೆ ಸಿಗಂಗಿಲ್ಲೋ ಅನಂತ. ನನಗ ನಿದ್ದಿನ ಇಲ್ಲ."

ನರ್ಮದಾಳ ಕಿವಿಗೆ ಅದು ಜಾಕೂಬಾಯಿ ಎಂದೇ ಬಿತ್ತು. ಮಿರಜದ ಕಡೆಯ ಹೆಂಗಸರಿಗೆ ಅಂಥ ಹೆಸರಿಡುವುದನ್ನು ಅವಳು ಬಲ್ಲಳು. ಕೇಳೋಣವೆಂದರೆ, ಗಂಡ ಹೌದು ಅಂದುಬಿಟ್ಟರೆ? ಹೊಟ್ಟೆಕಿಚ್ಚಿನಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು. ಮಾಸ್ತರರು ಗೋಡೆ ನೋಡುತ್ತಾ ಅದನ್ನೂ ಉಂಡೆದ್ದರು. ಆಗ ಅವಳಿಗೆ ಇನ್ನೂ ಉರಿಯಿತು.

*

"ಹೊತ್ತಾತು ವೈನಿ, ಎತ್ತಬೇಕು," ಎಂದ ಅನಂತ. ಸುದ್ದಿ ಮುಟ್ಟಿದ ಕೂಡಲೇ ಬಸ್ಸು ಹಿಡಿದು ಬಂದಿದ್ದ.

"ಜಾಕೂಬಾಯಿಗೆ ಖಬರ ಕಳಿಸೀರೇನು?"

"ಯಾವ ಜಾಕೂಬಾಯಿ?"

"ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ. ಕಟ್ಟಿ ಮ್ಯಾಲೆ ಕೂತು ಇಬ್ಬರೂ ಮಾತಾಡ್ತಿದ್ದಿರಲ್ಲ, ಆಕಿ. ಬರ್ಲಿ. ಒಮ್ಮೆ ಮಾರಿ ನೋಡ್ತೀನಿ."

ಅನಂತ ಹಣೆ ಚಚ್ಚಿಕೊಂಡ.

"ವೈನಿ, ಅದು ಜಾಕೋಬಿ! ಜರ್ಮನಿಯ ಗಣಿತದಾಂವ, ಸತ್ತು ನೂರು ವರ್ಷದ ಮ್ಯಾಲಾತು. ಅವನ ಹೆಸರಿನ ಗಣಿತದ ಆಕೃತಿ ಒಂದದ, ಅದಕ್ಕೂ ನಾವು ಜಾಕೋಬಿ ಅಂತಿದ್ವಿ ಅಷ್ಟ. ನೀವು ಹಾಕೋ ರಂಗೋಲಿ ಕಾಲು ಸುತ್ತು ತಿರುಗಿಸಿದರೂ ಹಂಗ ಕಾಣತದಲ್ಲ? ರೀಮಾನ್ ಅನ್ನಾಂವ ಹೇಳಿದ ಕೆಲವು ಮೇಲ್ಮೈನೂ ಹಂಗ ಅವ. ಹೆಂಗ ಹೆಂಗ ತಿರುಗಿಸಿದರ ಮೊದಲಿನಂಗ ಉಳೀತದ, ಅದನ್ನ ಹಿಡಕೊಂಡು ಆ ಮೇಲ್ಮೈಯ ಜಾಕೋಬಿನ್ನ ಸಣ್ಣ ಸಣ್ಣ ಭಾಗ ಮಾಡಿ ಒಡೀಬಹುದು. ಪ್ರಹ್ಲಾದ ಅದರ ಬೆನ್ನು ಹತ್ತಿದ್ದ."

ಕಸ್ತೂರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮಂದಿಯೆಲ್ಲಾ ನಾಡು ಕೂಡಸಾಕ ಓಡಾಡಿದ್ರ ಮಾಸ್ತರ ಕುಂತು ಒಡ್ಯಾಕತ್ತಿದ್ರೇನು! ಹೋಗ್ಲಿ ಬಿಡ್ರಿ ಬಾಯಾರ, ಹೆಂಗಸ ಅಲ್ಲಲ್ಲ, ಚಲೋ ಆತು."

"ಏನು ಚಲೋ ಆತು?" ನರ್ಮದಾಳ ದನಿ ಏರಿತು. "ಹೆಂಗಸಾಗಿದ್ದರ ಆಕಿಗೂ ಮುಪ್ಪು ಬರ್ತಿತ್ತು. ಒಂದು ದಿನ ಜಗಳಾ ತಗದು ಹೊರಗ ಹಾಕ್ತಿದ್ದೆ."

ಅವಳು ಅನಂತನತ್ತ ತಿರುಗಿದಳು. "ಒಡೀತೇನು ಅದು?"

"ಪೂರಾ ಒಡೀಲಿಲ್ಲ. ನಿನ್ನೆ ಹುಡುಗರು ಮನಿಗೆ ಹೋದಮ್ಯಾಲೆ ಸುದ್ದಾ ಸಾಲ್ಯಾಗ ಬೋರ್ಡಿನ ಮ್ಯಾಲೆ ಅದನ್ನ ಬರೀತಿದ್ದನಂತ."

ನಿನ್ನೆ ತಡವಾಗಿ ಬಂದ ಗಂಡನಿಗೆ ಅವಳು ಕಾದು ಊಟ ಬಡಿಸಿದ್ದಳು. ಉಂಡದ್ದು ಎರಡೇ ತುತ್ತು.

ಗಂಡಸರು ಚಟ್ಟಕ್ಕೆ ಕೈ ಹಾಕಿದರು.

"ತಡೀರಿ!"

ನರ್ಮದಾ ಹೆಣದ ಪಕ್ಕ ಕೂತು ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಸ್ನಾನ ಮಾಡಿಸಿದ್ದರೂ ಉಗುರಿನ ಸಂದಿಯಲ್ಲಿ ಬೋರ್ಡಿಗೆ ಬರೆಯುವ ಖಡುವಿನ ಬಿಳಿ ಪುಡಿ ಹಾಗೇ ಕೂತಿತ್ತು.

"ಇದನ್ನ ಜೋಡಿ ಒಯ್ಲಿಕ್ಕೆ ಬಿಡಂಗಿಲ್ಲ ನಾ."

ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿದಳು. ಚಟ್ಟಕ್ಕೆ ಬಗ್ಗಿದವರು ಬಗ್ಗಿಯೇ ಕಾದರು. ಅವಳು ಒಂದು ಉಗುರನ್ನು ಕೆದಕಿ, ಒರೆಸಿ, ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಮುಂದಿನ ಉಗುರಿಗೆ ಹೋದಳು.