ಕರಿನೀರಿನ ಊರು

"ಸೂಳಿ ಮಗಳ, ಆ ನೀರಿಗಿ ಕೈ ಹಾಕಬ್ಯಾಡ ಅಂತ ಎಷ್ಟ್ ಸಲ ಬಡಕೋಬೇಕ ನಿನ್ನ ಮುಂದ?"

ರತ್ನವ್ವ ಕೈ ಹಿಂದಕ್ಕೆಳೆದುಕೊಂಡಳು. ಒಡೆದ ಕಾಯಿಯ ಚೂರೊಂದು ಕಾಯಿನೀರಿನ ಬೋಗುಣಿಗೆ ಜಾರಿಬಿದ್ದಿತ್ತು. ಅದನ್ನೆತ್ತಲು ಎರಡು ಬೆರಳು ಅದ್ದಿದ್ದಳು, ಅಷ್ಟೇ. ನಿಜಲಿಂಗಪ್ಪ ಬೋಗುಣಿಯ ನೀರನ್ನೆಲ್ಲ ಸಿಂಕಿಗೆ ಸುರಿದು, ಖಾಲಿ ಬೋಗುಣಿಯನ್ನು ಅವಳ ಕಾಲ ಬಳಿ ಎಸೆದ. ಅದು ಉರುಳಿ ಉರುಳಿ ಫ್ರೀಜರಿನ ಬಾಗಿಲಿಗೆ ಬಡಿದು ನಿಂತಿತು.

ಲಂಡನ್ನಿನ ಪಾರ್ಕ್ ರಾಯಲ್‌ನ ನಿಜಲಿಂಗಪ್ಪನ ಕೇಟರಿಂಗಿನ ಆ ಅಡುಗೆ ಶೆಡ್ಡಿನಲ್ಲಿ ಕಾನೂನು ಸರಳವಾಗಿತ್ತು. ನೀರು ಸೋಕದ್ದಕ್ಕೆ ಮೈಲಿಗೆಯಿಲ್ಲ, ನೀರು ಸೋಕಿದ್ದಕ್ಕೆ ಇದೆ. ರತ್ನವ್ವ ಕಾಯಿ ಸುಲಿಯಬಹುದು, ಒಡೆಯಬಹುದು, ತುರಿಯಬಹುದು. ತುರಿಗೆ ಒಂದು ಲೋಟ ನೀರು ಬಿದ್ದರೆ ಅವಳು ದೂರ ಸರಿಯಬೇಕು. ಅಲ್ಲಿಂದ ಮುಂದೆ ಹಿಂಡಿ ಹಾಲು ತೆಗೆಯುವುದು ಸೊಲಾಂಜ್ ಮುದುಕಿಯ ಕೆಲಸ. ಸೊಲಾಂಜ್ ಕಪ್ಪು ಹೆಂಗಸು, ಕುತ್ತಿಗೆಯಲ್ಲಿ ಶಿಲುಬೆ ಕಟ್ಟಿಕೊಂಡವಳು, ಮಧ್ಯಾಹ್ನ ಡಬ್ಬಿ ಬಿಚ್ಚಿ ದನದ ಮಾಂಸ ಉಣ್ಣುವವಳು. ಆದರೂ ಅವಳ ಕೈಗೆ ಮೈಲಿಗೆ ಇರಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೆ ಮೈಲಿಗೆ ಹತ್ತುವುದಿಲ್ಲ ಎಂದು ರತ್ನವ್ವ ತಾನೇ ತೀರ್ಮಾನಿಸಿಕೊಂಡಿದ್ದಳು.

ಅವಳದೂ ಒಂದು ಪಾಸ್‌ಪೋರ್ಟ್ ಇತ್ತು, ಭಾರತದ ನೀಲಿಯದು. ಇಂಡಿ ತಾಲೂಕಿನ ಊರಿನಲ್ಲಿ ನಿಜಲಿಂಗಪ್ಪನ ಮನೆಯ ಸಗಣಿ ಬಳಿದು ಬೆಳೆದವಳು ಅವಳು. ಅವಳ ಅವ್ವನೂ ಅದನ್ನೇ ಬಳಿದು ಸತ್ತಳು. ಲಂಡನ್ನಿನಲ್ಲಿ ನಿಜಲಿಂಗಪ್ಪನ ತಾಯಿ ಹಾಸಿಗೆ ಹಿಡಿದಾಗ, ಆರು ತಿಂಗಳ ಮಟ್ಟಿಗೆ ಎಂದು ಇವಳನ್ನು ವಿಮಾನ ಹತ್ತಿಸಿದರು. ಮುದುಕಿಯ ಹೇಲುಚ್ಚೆ ಬಳಿಯುವಾಗ ಆ ಮನೆಯಲ್ಲಿ ಮೈಲಿಗೆ ಯಾರಿಗೂ ನೆನಪಾಗಲಿಲ್ಲ. ಮುದುಕಿ ತೀರಿಕೊಂಡಳು, ವೀಸಾ ಮುಗಿಯಿತು, ಪಾಸ್‌ಪೋರ್ಟ್ ನಿಜಲಿಂಗಪ್ಪನ ಹೆಂಡತಿ ವಿಶಾಲಾಕ್ಷಿಯ ತಿಜೋರಿ ಸೇರಿತು. ಆಮೇಲೆ ರತ್ನವ್ವ ಹ್ಯಾರೋದಲ್ಲಿದ್ದ ಅವರ ಮನೆಯ ಬಾಯ್ಲರ್ ಪಕ್ಕದ ಕೋಣೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಕೋಣೆಗೆ, ವ್ಯಾನಿನ ಹಿಂಭಾಗದಲ್ಲಿ ಈರುಳ್ಳಿ ಚೀಲದ ಜೊತೆ ಓಡಾಡಿದಳು. ಲಂಡನ್ ನೋಡಿದೆಯಾ ಎಂದು ಊರಿನವರು ಫೋನಿನಲ್ಲಿ ಕೇಳಿದರೆ, ವ್ಯಾನಿಗೆ ಕಿಟಕಿ ಇಲ್ಲ ಎಂದು ಹೇಳಲು ಅವಳಿಗೆ ನಾಚಿಕೆಯಾಗುತ್ತಿತ್ತು.

ಹೇಗೋ ನಡೆಯುತ್ತಿತ್ತು. ಆದರೆ ಊರಿನಲ್ಲಿದ್ದ ಮಗಳು ಭುವನೇಶ್ವರಿ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರು ಅಂದರೆ ತಾಯಿ. ತಾಯಿ ಬಾಯ್ಲರ್ ಪಕ್ಕದಲ್ಲಿದ್ದರೆ ಮಗಳು ಯಾವ ಮನೆಗೆ ಬರಬೇಕು? "ಯವ್ವಾ, ಅತ್ತಿಮನ್ಯಾವ್ರು ದಿನಾ ಹಂಗಸ್ತಾರ, ನಿಮ್ಮವ್ವಗ ದುಡ್ಡಽ ಹೆಚ್ಚಾತೇನಂತ," ಎಂದು ಮಗಳು ಫೋನಿನಲ್ಲಿ ಅತ್ತಳು.

ಭಾನುವಾರ ಗಂಡ ಹೆಂಡತಿ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದಾಗ ರತ್ನವ್ವ ಹೊಸ್ತಿಲ ಆಚೆ ನಿಂತು ಕೇಳಿದಳು.

"ಅಕ್ಕಾರ, ಮಗಳಿಗಿ ಏಳ್ ತುಂಬ್ಯಾವ್ರಿ. ನಾ ಬಿಟ್ರ ಆಕಿಗಿ ಯಾರದಾರ್ರಿ? ನನ್ನ ಪಾಸ್‌ಪೋರ್ಟ್ ಕೊಡ್ರಿ, ಹೋಗ್ತೇನ್ರಿ."

"ನಿನಗ ಉಣ್ಣಾಕ ಹಾಕಿದ್ದು ಹೆಚ್ಚಾತು," ಎಂದಳು ವಿಶಾಲಾಕ್ಷಿ, ಬಿಸ್ಕತ್ತು ಅದ್ದುತ್ತ.

ನಿಜಲಿಂಗಪ್ಪ ನಕ್ಕ. ಅವನ ಬೈಗುಳಕ್ಕಿಂತ ನಗುವಿಗೆ ರತ್ನವ್ವ ಹೆಚ್ಚು ಹೆದರುತ್ತಿದ್ದಳು. "ಹೋಗಲ್ಲ, ಬಾಗಲಾ ತಗದೈತಿ. ವೀಸಾ ಇಲ್ದಾಕಿ ನೀ. ಏರ್‌ಪೋರ್ಟಿನ್ಯಾಗ ಕಾಲಿಟ್ಟಕೂಡ್ಲೆ ಹಿಡೀತಾರ. ಹಿಡದು ಎಲ್ಲಿಗಿ ಒಯ್ತಾರ ಗೊತ್ತೈತೇನು? ಇಲ್ನೋಡು." ಫೋನನ್ನು ಅವಳತ್ತ ತಿರುಗಿಸಿದ. ಕಣ್ಣು ಹಾಯುವವರೆಗೂ ನೀಲಿ ಸಮುದ್ರ, ಮಧ್ಯದಲ್ಲಿ ಒಡೆದ ಬಳೆಯಂಥ ಒಂದು ತುಂಡು ನೆಲ. "ಈ ಸರಕಾರದ್ದು ಇದು. ನಾಕೂ ಕಡಿ ನೀರು. ಊರಿಲ್ಲ, ಕೇರಿಲ್ಲ, ಒಬ್ಬ ನರಮನಷ್ಯಾ ಇಲ್ಲ. ಬರೇ ಮಿಲಿಟ್ರಿ. ನಿನ್ನಂಥಾವ್ರನ್ನ ಒಯ್ದು ಅಲ್ಲಿ ಒಗೀತಾರ. ಕರಿನೀರಿನ ಶಿಕ್ಷಾ ಅಂತಾರಲ್ಲ, ಅದು. ಮಗಳ ಹೆಣಾ ಬಿದ್ರೂ ಸುದ್ದಿ ಮುಟ್ಟಂಗಿಲ್ಲ."

ಹೊಟ್ಟೆಯಲ್ಲಿ ಕೂಸಿರುವ ಮಗಳ ಬಗ್ಗೆ ಹೆಣದ ಮಾತಾಡಿದನಲ್ಲ ಎಂದು ರತ್ನವ್ವನಿಗೆ ಉರಿದುಹೋಯಿತು. ಆದರೆ ಉರಿಗಿಂತ ಹೆದರಿಕೆ ದೊಡ್ಡದಾಗಿತ್ತು. ಮರುದಿನ ಕಾಯಿ ತುರಿಯುವಾಗ ಬೆರಳು ಎರಡು ಸಲ ಕೊಯ್ದುಕೊಂಡಳು.

"ಏನಾಯ್ತು ನಿನಗೆ?" ಎಂದಳು ಸೊಲಾಂಜ್.

ಅವರಿಬ್ಬರ ನಡುವೆ ಓಡುತ್ತಿದ್ದದ್ದು ಕುಂಟು ಇಂಗ್ಲಿಷು. ಅರ್ಧ ಬಾಯಿ, ಅರ್ಧ ಕೈ. ಎರಡು ವರ್ಷ ಎದುರುಬದುರು ಕೂತು ಕಾಯಿ ಒಡೆದವರಿಗೆ ಅಷ್ಟು ಸಾಕಾಗುತ್ತಿತ್ತು. ರತ್ನವ್ವ ಪೊಲೀಸ್ ಎಂದಳು, ಸಮುದ್ರ ಎಂದಳು, ಹೊಟ್ಟೆಯ ಮೇಲೆ ಕೈಯಾಡಿಸಿ ಮಗಳು ಎಂದಳು. ಕೊನೆಗೆ ಸ್ಟೀಲ್ ಮೇಜಿನ ಮೇಲೆ ತುರಿಯಿಂದ ಆ ಒಡೆದ ಬಳೆಯನ್ನು ಬರೆದು ತೋರಿಸಿದಳು. ನನ್ನನ್ನು ಇಲ್ಲಿ ಒಗೀತಾರಂತೆ.

ಸೊಲಾಂಜಳ ಕೈ ನಿಂತಿತು. ಆಮೇಲೆ ಬೆರಳಿನಿಂದ ಒಂದು ಬದಿಯನ್ನು ಸ್ವಲ್ಪ ಒಳಗೆ ತಳ್ಳಿ ಗೆರೆ ಸರಿಮಾಡಿದಳು. ಇಲ್ಲಿ ಚರ್ಚು ಎಂದು ಒಂದು ಚಿಪ್ಪಿನ ಚೂರು ಇಟ್ಟಳು. ಇಲ್ಲಿ ಹಡಗು ನಿಲ್ಲುವ ಕಟ್ಟೆ. ಇದು ಕಾಯಿ ಒಣಗಿಸುವ ಮನೆ. ಇದು ನಮ್ಮ ಮನೆ.

"ನನ್ನೂರು," ಎಂದಳು.

ಅವಳು ಹೇಳಿದ್ದನ್ನು ರತ್ನವ್ವ ತನಗೆ ತಿಳಿದಷ್ಟು ಜೋಡಿಸಿಕೊಂಡಳು. ಡಿಯೆಗೊ ಗಾರ್ಸಿಯಾ ಅಂತ ಆ ನೆಲದ ಹೆಸರು. ಅಲ್ಲಿನ ಜನವೆಲ್ಲ ಕಂಪನಿಯ ತೆಂಗಿನ ತೋಟದ ಆಳುಗಳು. ಸೊಲಾಂಜಳ ತಾಯಿ ಬೆಳಗಿನಿಂದ ಕೂತು ಕಾಯಿ ಬಿಡಿಸುತ್ತಿದ್ದಳು, ಅವಳ ತಾಯಿಯೂ. ಅಮೆರಿಕದವರ ಮಿಲಿಟರಿಗೆ ಜಾಗ ಬೇಕಾಯಿತು, ಲಂಡನ್ನಿನ ಸರ್ಕಾರ ಆಗಲಿ ಎಂದಿತು. ಮೊದಲು ಊರಿನ ನಾಯಿಗಳನ್ನೆಲ್ಲ ಕಾಯಿ ಒಣಗಿಸುವ ಮನೆಗೆ ತುಂಬಿ ಹೊಗೆ ಹಾಕಿ ಕೊಂದರು. ಸೊಲಾಂಜ್ ಆಗ ಎಂಟು ವರ್ಷದ ಹುಡುಗಿ, ಅವಳ ನಾಯಿಯೂ ಅದರಲ್ಲಿತ್ತು. ಆಮೇಲೆ ಜನರನ್ನು ಹಡಗಿಗೆ ಹತ್ತಿಸಿದರು. ಸಾಹೇಬರ ಕುದುರೆಗಳು ಮೇಲೆ, ಜನ ಕೆಳಗೆ.

"ಈಗ ಅಲ್ಲಿ ಸರಕಾರ ಯಾರದೈತಿ?" ಎಂದು ರತ್ನವ್ವ ಕೇಳಿದಳು.

ಸರ್ಕಾರ ಇಲ್ಲೇ ಕೂತಿದೆ, ಲಂಡನ್ನಿನಲ್ಲೇ, ಟ್ಯೂಬ್ ರೈಲು ಹತ್ತಿದರೆ ಸಿಗುತ್ತದೆ ಎಂದಳು ಸೊಲಾಂಜ್. ಈಗ ಆ ನೆಲವನ್ನು ಯಾರ ಕೈಗೆ ಕೊಡಬೇಕು ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದಾರಂತೆ. ತನ್ನನ್ನಂತೂ ಯಾರೂ ಕೇಳಿಲ್ಲ.

"ಮಂದಿಯಿಲ್ಲದ ಊರಿಗಿ ಸರಕಾರ ಯಾಕ ಬೇಕ?" ರತ್ನವ್ವ ತನ್ನಷ್ಟಕ್ಕೇ ಅಂದುಕೊಂಡಳು.

ಆಗ ನಿಜಲಿಂಗಪ್ಪನ ಬೆದರಿಕೆ ನೆನಪಾಗಿ ಸೊಲಾಂಜ್ ನಗತೊಡಗಿದಳು. ಬೊಚ್ಚು ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವವರೆಗೆ. "ನಿನ್ನನ್ನು ಕಳಿಸ್ತಾರಂತಾ? ಐವತ್ತು ವರ್ಷದಿಂದ ಬಾಗಿಲು ಬಡೀತಿದೀನಿ, ನನ್ನನ್ನೇ ಬಿಡ್ತಿಲ್ಲ. ನಿನ್ನ ಸಾಹುಕಾರನಿಗೆ ಹೇಳು, ಕಳಿಸೋದಾದ್ರೆ ನನ್ನನ್ನೂ ಜೊತೆಗೆ ಹಾಕಲಿ." ನಗು ನಿಂತ ಮೇಲೆ ರತ್ನವ್ವನ ಕೊಯ್ದ ಬೆರಳಿಗೆ ಪ್ಲಾಸ್ಟರ್ ಸುತ್ತಿದಳು. "ನನ್ನ ಹತ್ರ ಪಾಸ್‌ಪೋರ್ಟ್ ಇದೆ, ಹೋಗೋಕೆ ಊರಿಲ್ಲ. ನಿನಗೆ ಊರಿದೆಯಲ್ಲ ಹುಚ್ಚಿ. ಊರಿಗೆ ಹೋಗ್ತೀನಿ ಅನ್ನೋವಳನ್ನ ಇವರು ತಡೆಯೋದಿಲ್ಲ, ಹೋದ್ರೆ ಸಾಕು ಅಂತಾರೆ. ಆ ಪುಸ್ತಕ ನಿನ್ನದು. ಇಸ್ಕೋ."

ಇಸ್ಕೋ ಅನ್ನುವುದು ಸುಲಭ. ತಿಜೋರಿಯ ಕೀಲಿ ವಿಶಾಲಾಕ್ಷಿಯ ಸೊಂಟದಲ್ಲಿತ್ತು. ಕೇಳಿದರೆ ಬೈಗುಳ, ಮತ್ತೆ ಕೇಳಿದರೆ ನಗು. ಬಾಗಿಲು ತೆರೆದು ಹೊರಗೆ ನಡೆದರೆ ಕೈಯಲ್ಲಿ ಏನೂ ಇಲ್ಲ. ರತ್ನವ್ವನ ಹೆದರಿಕೆ ಹೋಗಿತ್ತು, ಗೋಡೆ ಮಾತ್ರ ಹಾಗೇ ಇತ್ತು.

ಬಸವ ಜಯಂತಿ ಬಂತು. ಹ್ಯಾರೋದ ಹಾಲ್‌ನಲ್ಲಿ ಅಲ್ಲಿನ ಬಸವಭಕ್ತರ ಸಂಘದ ದೊಡ್ಡ ಕಾರ್ಯಕ್ರಮ, ಈ ಸಲದ ದಾಸೋಹ ನಿಜಲಿಂಗಪ್ಪನದು. ಗೋಧಿ ಹುಗ್ಗಿ ಆಗಲೇಬೇಕು. ಸಂಘದವರ ಮಕ್ಕಳಲ್ಲಿ ಅರ್ಧ ಮಂದಿ ವೀಗನ್ ಎಂದು ಹಸುವಿನ ಹಾಲು ಬಿಟ್ಟಿದ್ದರಿಂದ ಹುಗ್ಗಿಗೆ ಕಾಯಿಹಾಲು. ಬೆಳಿಗ್ಗೆ ಕೊಪ್ಪರಿಗೆಯಲ್ಲಿ ಗೋಧಿ ಬೆಂದು ಬೆಲ್ಲ ಕರಗಿ ನಿಂತರೂ ಸೊಲಾಂಜ್ ಬರಲಿಲ್ಲ. ಅವಳ ಊರಿನವರೆಲ್ಲ ಸೇರಿ ಪಾರ್ಲಿಮೆಂಟಿನ ಮುಂದೆ ನಿಲ್ಲುವ ದಿನ ಅದು.

"ಧರಣಿಗಿ ಹೋಗ್ಯಾಳಂತ ಕರಿ ಮುದುಕಿ," ನಿಜಲಿಂಗಪ್ಪ ಫೋನನ್ನು ಜೇಬಿಗೆ ತುರುಕಿ ಹೆಂಡತಿಯತ್ತ ತಿರುಗಿದ. "ಇವತ್ತಽ ಆಗಬೇಕಿತ್ತಾ ಬೋಸುಡಿಗಿ? ಇನ್ನ ಕೆಲಸಕ್ಕ ಬರೂದು ಬ್ಯಾಡಂತ ಹೇಳೇನಿ. ನೀ ಹಿಂಡು."

"ನನ್ನ ಮಣಿಕಟ್ಟು ಬ್ಯಾನಿ ಐತಲ್ರಿ," ಎಂದಳು ವಿಶಾಲಾಕ್ಷಿ. ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ಸ್ವಲ್ಪ ಯೋಚಿಸಿ, ನೀಲಿ ರಬ್ಬರ್ ಗ್ಲೌಸಿನ ಡಬ್ಬಿಯನ್ನು ಮೇಜಿನ ಮೇಲೆ ಜಾರಿಬಿಟ್ಟಳು. "ರತ್ನಿ, ಇವನ್ನ ಹಾಕ್ಕೊಂಡು ಹಿಂಡು. ಮುಟ್ಟಿದಂಗ ಆಗಂಗಿಲ್ಲ."

"ರಬ್ಬರಿಗಿ ಮೈಲಿಗಿ ಇಲ್ಲೇನ್ರಿ ಅಕ್ಕಾರ?"

"ಬಾಯಿ ಮುಚ್ಕೊಂಡು ಹಿಂಡು."

ಇಬ್ಬರೂ ವ್ಯಾನಿಗೆ ತಟ್ಟೆ ಏರಿಸಲು ಹೊರಗೆ ಹೋದರು. ರತ್ನವ್ವ ಗ್ಲೌಸ್ ಹಾಕಿಕೊಂಡಳು. ತುರಿಗೆ ಬಿಸಿನೀರು ಬಿಟ್ಟಳು. ಎರಡು ವರ್ಷದಲ್ಲಿ ಒದ್ದೆ ತುರಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಒಂದು ಹಿಡಿ ಹಿಂಡಿ ನಿಂತಳು. ಆಮೇಲೆ ಗ್ಲೌಸ್ ಕಳಚಿ ಕಸದ ಡಬ್ಬಿಗೆ ಹಾಕಿ, ಬಳೆ ಮೇಲಕ್ಕೆ ಸರಿಸಿ, ಬರಿಗೈಯಿಂದ ಹಿಂಡಿದಳು. ಹಾಲು ಬೆರಳ ಸಂದಿಯಿಂದ ಮೊಳಕೈವರೆಗೆ ಇಳಿಯಿತು. ಅದೆಷ್ಟು ಬೆಚ್ಚಗಿತ್ತೆಂದರೆ ಅವಳಿಗೆ ಅಳು ಬಂತು. ಹಿಂಡಿದ್ದನ್ನೆಲ್ಲ ಕೊಪ್ಪರಿಗೆಗೆ ಸುರಿದು ತಾನೇ ತಿರುವಿದಳು. ಬೆರಳಿಂದ ಒಂದಿಷ್ಟು ತೆಗೆದು ರುಚಿ ನೋಡಿದಳು. ಚೆನ್ನಾಗಿತ್ತು.

ವಿಶಾಲಾಕ್ಷಿ ಬಾಗಿಲಲ್ಲಿ ನಿಂತು ಕಿರುಚಿದಳು. ನಿಜಲಿಂಗಪ್ಪ ಓಡಿಬಂದ.

"ಏನ್ ಮಾಡಿದ್ಯಲೇ ರಂಡಿ?" ಕೈ ಎತ್ತಿದ.

"ಹೊಡೀರಿ ಸಾವಕಾರ್ರ," ರತ್ನವ್ವ ಎರಡೂ ಅಂಗೈ ಮುಂದೆ ಹಿಡಿದಳು. ಹಾಲು ತೊಟ್ಟಿಕ್ಕುತ್ತಿತ್ತು. "ಕೈ ಒದ್ದಿ ಅದಾವ ನೋಡ್ರಿ. ನಿಮಗೂ ಹತ್ತತೈತಿ."

ಎತ್ತಿದ ಕೈ ಅಲ್ಲೇ ನಿಂತಿತು.

"ನನ್ನ ಪಾಸ್‌ಪೋರ್ಟ್ ಕೊಡ್ರಿ. ಇಲ್ಲಾಂದ್ರ ಹಾಲ್‌ನ್ಯಾಗ ನಿಂತು ಹೇಳ್ತೇನಿ, ಹುಗ್ಗಿಗಿ ಹಾಲ್ ಹಿಂಡಿದಾಕಿ ಮಾದಿಗರ ರತ್ನವ್ವ ಅಂತ."

"ದ್ವೀಪಕ್ಕ ಹಾಕಸ್ತೇನಿ ನಿನ್ನ..."

"ಹಾಕಸ್ರಿ. ಅಲ್ಲಿ ನಮ್ಮ ಗೆಳತಿ ಮನಿ ಐತಿ."

"ಚೆಲ್ರಿ ಅದನ್ನ, ಮದ್ಲ ಚೆಲ್ರಿ," ಎಂದು ವಿಶಾಲಾಕ್ಷಿ ಗಂಡನ ತೋಳು ಜಗ್ಗಿದಳು.

"ಚೆಲ್ಲಿ ಮಂದಿಗಿ ನಿನ್ನ ತಲಿ ನೀಡ್ಲ್ಯಾ? ಕೌನ್ಸಿಲರ್ ಬರಾತಾನ ಇವತ್ತ." ನಿಜಲಿಂಗಪ್ಪ ಕೊಪ್ಪರಿಗೆ ನೋಡಿದ, ಗಡಿಯಾರ ನೋಡಿದ. ದನಿ ಇಳಿಸಿದ. "ಮಂದಿ ಉಣ್ಲಿ. ನಾವು ಉಣ್ಣೂದು ಬ್ಯಾಡ, ಅಷ್ಟಽ. ನೋಡ ರತ್ನಿ, ಊಟ ಮುಗೀಲಿ. ಸಂಜಿಮುಂದ ಕೊಡ್ತೇನಿ. ಆಣಿ ಮಾಡ್ಲೇನು?"

ಆ ಮನೆತನದ ಆಣೆಯನ್ನು ನಂಬಿ ಅವಳ ಅವ್ವ ಸಗಣಿ ಬಳಿಯುತ್ತಲೇ ಸತ್ತಿದ್ದಳು. ರತ್ನವ್ವ ಕೊಪ್ಪರಿಗೆಯ ಜೊತೆ ವ್ಯಾನ್ ಹತ್ತಿ ಕೂತಳು.

ಹಾಲ್‌ನಲ್ಲಿ ನಿಜಲಿಂಗಪ್ಪ ಭಾಷಣ ಮಾಡಿದ. ಊರಿನ ಮಾತು ಬಿಟ್ಟು ಬೆಂಗಳೂರಿನ ಕನ್ನಡದಲ್ಲಿ, ಎಂಟು ನೂರು ವರ್ಷದ ಹಿಂದೆಯೇ ನಮ್ಮಲ್ಲಿ ಮೇಲುಕೀಳು ಅಳಿಸಿದರು, ಈ ದೇಶಕ್ಕೆ ಪಾರ್ಲಿಮೆಂಟ್ ಅಂದರೇನು ಅಂತ ಗೊತ್ತಿರದ ಕಾಲದಲ್ಲಿ, ಎಂದ. ಜನ ಚಪ್ಪಾಳೆ ತಟ್ಟಿದರು. ಕೌನ್ಸಿಲರಿಗೆ ಯಾರೋ ಇಂಗ್ಲಿಷಿನಲ್ಲಿ ಹೇಳಿದರು, ಅವನೂ ತಟ್ಟಿದ.

ಊಟದ ಸಾಲು ಬಾಗಿಲವರೆಗೆ ಬೆಳೆಯಿತು. ಕೊಪ್ಪರಿಗೆಯ ಹಿಂದೆ ಸೌಟು ಹಿಡಿದು ರತ್ನವ್ವ ನಿಂತಿದ್ದಳು. ನಿಜಲಿಂಗಪ್ಪ ಮೆಲ್ಲಗೆ ಅಡುಗೆಕೋಣೆಯತ್ತ ಸರಿಯುತ್ತಿದ್ದ. ಸಂಘದ ಅಧ್ಯಕ್ಷ ಶೇಖರಪ್ಪ, ಬಿಳಿ ಮೀಸೆಯ ಹಿರಿಯ, ಅವನ ಹೆಗಲಿಗೆ ಕೈಹಾಕಿ ಸಾಲಿನ ಮುಂದಕ್ಕೆ ತಂದ.

"ದಾಸೋಹ ನಿಂದು, ಮದಲಿನ ತುತ್ತು ನಿಂದಽ. ತಮ್ಮಾ, ತಟ್ಟಿ ಹಿಡಿ."

"ಅಣ್ಣಾರ, ನನಗ ಶುಗರ್ ಐತ್ರಿ."

"ಪ್ರಸಾದಕ್ಕ ಎಲ್ಲೀ ಶುಗರ್ ಹಚ್ಚಿ? ಎಲ್ಲಾರೂ ನೋಡಾಕತ್ತಾರ, ತಗೋ."

ಜನ ನಕ್ಕರು. ಫೋನುಗಳು ಮೇಲೆದ್ದವು. ರತ್ನವ್ವ ಒಂದು ಸೌಟು ತುಂಬ ಹುಗ್ಗಿ ತೆಗೆದು ಅವನ ತಟ್ಟೆಗೆ ಹಾಕಿದಳು. ಸೌಟನ್ನು ಕೊಪ್ಪರಿಗೆಯಲ್ಲೇ ಅದ್ದಿ ಹಿಡಿದು, ಇನ್ನೊಂದು ಕೈಯನ್ನು ಅವನ ಮುಂದೆ ಚಾಚಿದಳು.

"ಸಂಜಿಕ್ಕ ಅಲ್ರಿ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಈಗ. ನೀವು ಉಂಡು ಮುಗಸೂದ್ರಾಗ ಅಕ್ಕಾರು ಮನಿಗಿ ಹೋಗಿ ತರ್ತಾರ. ಇಲ್ಲಾಂದ್ರ ನಾ ಬಾಯಿ ತಗೀತೇನಿ."

ನಿಜಲಿಂಗಪ್ಪ ಹೆಂಡತಿಯತ್ತ ನೋಡಿದ. ಗೋಡೆಗೆ ಆತು ನಿಂತಿದ್ದ ವಿಶಾಲಾಕ್ಷಿ ಪರ್ಸಿನಿಂದ ಕಾರಿನ ಕೀಲಿ ತೆಗೆದಳು, ಆದರೆ ಗಂಡನ ಸನ್ನೆಗೆ ಕಾಯುತ್ತ ನಿಂತ ಜಾಗ ಬಿಟ್ಟು ಕದಲಲಿಲ್ಲ. ಹಿಂದೆ ಯಾರೋ, ಸಾಲು ಯಾಕೆ ನಿಂತಿತು, ಅವ್ವಾ ನಮಗೂ ನೀಡು ಎಂದರು. ರತ್ನವ್ವ ನೀಡಲಿಲ್ಲ. ಅವನು ಬೆವರುತ್ತ ಚಮಚ ಎತ್ತಿದ, ಬಾಯಿಯ ಹತ್ತಿರ ತಂದು ನಿಲ್ಲಿಸಿದ, ಮತ್ತೆ ಅವಳ ಚಾಚಿದ ಕೈ ನೋಡಿದ. ಅದರ ಮೇಲೆ ಕಾಯಿಹಾಲು ಒಣಗಿ ಬೆಳ್ಳಗೆ ಅಂಟಿಕೊಂಡಿತ್ತು.