ಸೀಮೆಎಣ್ಣೆ ಓಲಗ

ನಮ್ಮ ಸೊರ್ಣಲಿಂಗಂ ಭಾವನಿಗೆ ಸೈಕಲ್ ಅಂದರೆ ಆಗುತ್ತಿರಲಿಲ್ಲ. ಇಣುವಿಲ್‌ನ ನಾಗಸ್ವರ ವಿದ್ವಾನ್ ಪೆಡಲ್ ತುಳಿಯುತ್ತ, ಬೆವರು ಒರೆಸಿಕೊಳ್ಳುತ್ತ ಮದುವೆ ಮನೆಗೆ ಹೋಗುವುದು ಎಂಥ ಮರ್ಯಾದೆ ಅಂತ ಅವನ ವಾದ. ಯುದ್ಧದ ದೆಸೆಯಿಂದ ಜಾಫ್ನಾಕ್ಕೆ ಪೆಟ್ರೋಲ್ ಬರುವುದು ನಿಂತು ವರ್ಷಗಳಾಗಿದ್ದವು. ಡಾಕ್ಟರು, ಪೂಜಾರಿ, ಮಾಸ್ತರು ಎಲ್ಲರೂ ಸೈಕಲ್ ಹತ್ತಿದ್ದರು. ಭಾವ ಮಾತ್ರ ಅವನಪ್ಪನ ಕಾಲದ ತೊಂಬತ್ತು ಸಿಸಿ ಬೈಕು ಬಿಡಲಿಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದ.

ಸೀಮೆಎಣ್ಣೆಗೆ ಎಂಜಿನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಇಂಜೆಕ್ಷನ್ ಸಿರಿಂಜಿನಲ್ಲಿ ನಾಲ್ಕು ಹನಿ ಪೆಟ್ರೋಲ್ ಎಳೆದು ಕಾರ್ಬುರೇಟರ್ ಬಾಯಿಗೆ ಚಿಮುಕಿಸಬೇಕು, ತಕ್ಷಣ ಕಿಕ್ ಹೊಡೆಯಬೇಕು. ಹೊತ್ತಿಕೊಂಡ ಮೇಲೆ ಸೀಮೆಎಣ್ಣೆ ಕುಡಿಯುತ್ತ, ಬಿಳಿ ಹೊಗೆ ಉಗುಳುತ್ತ ಹೋಗುತ್ತದೆ. ಆ ಪೆಟ್ರೋಲ್ ನಮ್ಮ ಹತ್ತಿರ ಇದ್ದದ್ದು ಒಂದು ಕಣ್ಣಿನ ಔಷಧಿ ಬಾಟಲಿಯಷ್ಟು. ಅದನ್ನು ಅಕ್ಕ ಪೂಮಣಿ ದೇವರ ಪಟದ ಹಿಂದೆ ಇಡುತ್ತಿದ್ದಳು.

ಅವತ್ತು ಮೀಸಾಲೆಯಲ್ಲಿ ಮದುವೆ. ನಾಗಸ್ವರದ ಚೀಲ ಭಾವನ ಹೆಗಲಿಗೆ, ಡೋಲು ನನ್ನ ತೊಡೆಯ ಮೇಲೆ. ಪೆಟ್ರೋಲ್ ಬಾಟಲಿ ನನ್ನ ಜೇಬಿನಲ್ಲಿ. ಬೆಳಗಿನ ತಂಪಿನಲ್ಲೇ ಹೊರಟೆವು. ಉರುಂಪಿರಾಯ್ ದಾಟುವಷ್ಟರಲ್ಲಿ ಬೈಕು ಎರಡು ಸಲ ಕೆಮ್ಮಿ ನಿಂತಿತು.

"ಪ್ಲಗ್ಗು," ಅಂದೆ. ಸೀಮೆಎಣ್ಣೆ ಬೈಕಿಗೆ ಪ್ಲಗ್ ಮಸಿ ಹಿಡಿಯುವುದು ಮಾಮೂಲು. ಬಿಚ್ಚಿದೆ. ಇದ್ದಿಲಿನ ಹಾಗೆ ಕರ್ರಗಿತ್ತು. ಕಲ್ಲಿಗೆ ಉಜ್ಜಿ ಹಾಕಿದೆ, ಭಾವ ನಾಲ್ಕು ಹನಿ ಚಿಮುಕಿಸಿದ, ಒಂದೇ ಕಿಕ್ಕಿಗೆ ಶುರುವಾಯಿತು.

"ನೋಡಿದ್ರಾ ಭಾವ? ಪ್ಲಗ್ಗೇ."

"ಆಯ್ತು ಮಹಾರಾಯ, ಹತ್ತು."

ಕೋಪಾಯ್‌ನಲ್ಲಿ ಮತ್ತೆ ನಿಂತಿತು. ಈಗ ಭಾವನ ಸರದಿ. "ನಿನ್ನ ಪ್ಲಗ್ಗಿಗೆ ಬೆಂಕಿ ಹಾಕ. ಕಾರ್ಬುರೇಟರ್‌ನಲ್ಲಿ ಕಸ ಕೂತಿದೆ ಅಂತ ಶಬ್ದದಲ್ಲೇ ಗೊತ್ತಾಗಲ್ವೇನೋ? ಡೋಲು ಬಡಿದು ಬಡಿದು ಕಿವಿ ಕೆಟ್ಟಿದೆ ನಿಂಗೆ."

ನಿಧಾನವಾಗಿ ಬೀಡಿ ಸೇದಿ ಮುಗಿಸಿದ. ಆಮೇಲೆ ಕಾರ್ಬುರೇಟರ್ ಕೆಳಗಿನ ಬಟ್ಟಲು ಬಿಚ್ಚಿ, ಒಳಗಿನ, ಎಣ್ಣೆ ಹಾಯುವ ಪುಟ್ಟ ಹಿತ್ತಾಳೆ ಜೆಟ್ ತೆಗೆದು, ತುಟಿಗೆ ಇಟ್ಟು ಊದಿದ.

"ನಾನು ಊದ್ತೀನಿ ಕೊಡಿ."

"ಊದೋದು ನನ್ನ ಕಸುಬು. ನೀನು ಬಡಿಯೋನು."

ಮತ್ತೆ ಜೋಡಿಸಿ ಕಿಕ್ ಹೊಡೆದರೆ ಬೈಕು ಮುದ್ದು ಕರುವಿನ ಹಾಗೆ ಎದ್ದಿತು. ಭಾವ ಮೀಸೆ ತಿರುವಿ ನನ್ನ ಕಡೆ ನೋಡಿದ. ಡೋಲು ಎತ್ತಿಕೊಂಡು ಹಿಂದೆ ಕೂತೆ.

ಕೋಪಾಯ್ ದಾಟಿದರೆ ಕೈದಡಿಯವರೆಗೆ ಬರೀ ಉಪ್ಪುನೀರಿನ ಬಯಲು. ಒಂದು ಮರವಿಲ್ಲ, ಮನೆಯಿಲ್ಲ. ಸರಿಯಾಗಿ ಅದರ ನಡುಮಧ್ಯೆ ಬೈಕು ಕೈಕೊಟ್ಟಿತು. ಪ್ಲಗ್ ಉಜ್ಜಿದೆವು, ಜೆಟ್ ಊದಿದೆವು, ಶುರುವಾಯಿತು; ಕೂಗಳತೆ ದೂರ ಹೋಗಿ ನಿಂತಿತು. ಮತ್ತೆ ಉಜ್ಜಿದೆವು, ಮತ್ತೆ ಊದಿದೆವು. ಮತ್ತೆ ಅದೇ ರಾಗ. ಭಾವನ ರೇಷ್ಮೆ ಪಂಚೆಗೆ ಎಣ್ಣೆ ಕಲೆ, ಹಣೆಯ ವಿಭೂತಿ ಬೆವರಲ್ಲಿ ಕರಗಿ ಮೂಗಿನ ಮೇಲೆ. ಸಿಟ್ಟಿಗೆ ಸ್ಕ್ರೂಡ್ರೈವರ್ ಬೀಸಿ ಒಗೆದ. ಅದನ್ನು ಕೆಸರಲ್ಲಿ ಹುಡುಕಿ ತಂದವನು ನಾನು.

ಆಗ ಹಿಂದಿನಿಂದ ಸೈಕಲ್ ಬೆಲ್ ಕೇಳಿಸಿತು. ಹೆಣ್ಣಿನ ದೊಡ್ಡಪ್ಪ ತಿಲ್ಲೈಯಂಪಲಂ. ಕ್ಯಾರಿಯರ್ ಮೇಲೆ ಬಾಳೆಎಲೆಯ ಕಟ್ಟು.

"ಏನು ವಿದ್ವಾಂಸರೇ, ಕಛೇರಿ ಇಲ್ಲೇ ಶುರುವೋ?" ಅಂದ. "ಕೇಳೋಕೆ ಕೊಕ್ಕರೆ ಬಿಟ್ರೆ ಯಾರೂ ಇಲ್ವಲ್ಲ."

ಭಾವ ತಲೆ ಎತ್ತದೆ ಜೆಟ್ ಊದುತ್ತಲೇ ಇದ್ದ.

ತಿಲ್ಲೈಯಂಪಲಂ ಕೆಟ್ಟವನಲ್ಲ. ಸೈಕಲ್ ಇಳಿದು ಬಂದು ನೋಡಿ, "ಮುಹೂರ್ತಕ್ಕೆ ಹೊತ್ತಾಗ್ತಿದೆ. ಎಲೆ ಕಟ್ಟು ಹ್ಯಾಂಡಲ್‌ಗೆ ನೇತು ಹಾಕ್ತೀನಿ. ಡೋಲಿನವನು ಹಿಂದೆ ಕೂತ್ಕೊಳ್ಳಲಿ. ತಾಳಿ ಕಟ್ಟೋವಾಗ ಗಟ್ಟಿಮೇಳಕ್ಕೆ ಡೋಲಾದ್ರೂ ಇರಲಿ," ಅಂದ.

ನಾನು ಡೋಲು ಎತ್ತಿಕೊಂಡೇಬಿಟ್ಟಿದ್ದೆ.

"ಇಡೋ ಕೆಳಗೆ," ಅಂದ ಭಾವ. "ನಾಗಸ್ವರ ಇಲ್ಲದೆ ಬರೀ ಡೋಲಾ? ಮದುವೆ ಮನೆಯೋ, ದರೋಡೆ ಆಯ್ತು ಅಂತ ಡಂಗುರ ಹೊಡೆಯೋದೋ?"

"ಭಾವ, ಒಬ್ಬರಾದ್ರೂ ಹೋಗೋಣ..."

"ಹೋಗು. ಹೋದ್ರೆ ನಾಳೆಯಿಂದ ಅವನ ಸೈಕಲ್ ಬೆಲ್ಲಿಗೆ ಡೋಲು ಬಾರಿಸ್ಕೊಂಡಿರು."

ತಿಲ್ಲೈಯಂಪಲಂ ನನ್ನ ಮುಖ ನೋಡಿದ, ಭಾವನ ಮುಖ ನೋಡಿದ. "ಎಲೆ ಒಣಗುತ್ತೆ," ಅಂತ ಸೈಕಲ್ ಹತ್ತಿ ಹೋದ. ಅವನ ಬೆನ್ನು ಚಿಕ್ಕದಾಗುವ ತನಕ ನೋಡುತ್ತ ನಿಂತೆ. ಭಾವ ಅಕ್ಕನ ಗಂಡ ಅಲ್ಲದಿದ್ದರೆ ಅವತ್ತೇ ಆ ನೀರಿಗೆ ತಳ್ಳಿಬಿಡುತ್ತಿದ್ದೆ.

ಸಿಟ್ಟಿನಲ್ಲೇ ಇನ್ನೊಂದು ಕಿಕ್ ಹೊಡೆದೆ. ಶುರುವಾಯಿತು, ಸ್ವಲ್ಪ ದೂರ ಹೋಯಿತು, ಸತ್ತಿತು. ಈ ಸಲ ಬೀಡಿ ಇಲ್ಲ, ಜಗಳ ಇಲ್ಲ. ನಿಂತ ಕ್ಷಣವೇ ಬಟ್ಟಲು ಬಿಚ್ಚಿದೆ. ತಳದಲ್ಲಿ ಒಂದು ಚಮಚೆಯೂ ಸೀಮೆಎಣ್ಣೆ ಇಲ್ಲ.

"ಭಾವ, ಇಲ್ನೋಡಿ. ಬಟ್ಟಲು ಒಣಗಿದೆ."

"ಅದಕ್ಕೆ?"

"ಪ್ಲಗ್ಗೂ ಅಲ್ಲ, ಜೆಟ್ಟೂ ಅಲ್ಲ. ಎಣ್ಣೆಯೇ ಕೆಳಗೆ ಬರ್ತಿಲ್ಲ. ನಾವು ಬಿಚ್ಚಿ, ಉಜ್ಜಿ, ಜಗಳ ಆಡೋಷ್ಟರಲ್ಲಿ ಸ್ವಲ್ಪ ಸ್ವಲ್ಪ ಬಂದು ತುಂಬ್ಕೊಳ್ಳುತ್ತೆ. ನಾವು ರಿಪೇರಿ ಆಯ್ತು ಅಂದ್ಕೋತೀವಿ."

ಭಾವ ಬಗ್ಗಿ ಬಟ್ಟಲೊಳಗೆ ಬೆರಳು ಆಡಿಸಿ ನೋಡಿದ.

ಎಣ್ಣೆ ನೆಲಕ್ಕೆ ಚೆಲ್ಲುವ ಹಾಗಿಲ್ಲ. ಇದ್ದ ಒಂದೇ ಕ್ಯಾನಿನ ಕುಡಿಯುವ ನೀರು ಚೆಲ್ಲಿ, ಟ್ಯಾಂಕಿನ ಪೈಪು ಕಳಚಿ ಕ್ಯಾನಿನೊಳಗೆ ಬಿಟ್ಟೆವು. ಮೊದಲು ಜೋರಾಗಿ ಧಾರೆ. ಆಮೇಲೆ ಸಣ್ಣಗಾಯಿತು. ಆಮೇಲೆ ತೊಟ್ಟು ತೊಟ್ಟು.

"ಮುಚ್ಚಳದ ಗಾಳಿ ತೂತು ಕಟ್ಟಿರುತ್ತೆ," ಅಂತ ಭಾವ ಟ್ಯಾಂಕಿನ ಮುಚ್ಚಳ ತೆಗೆದ. ಆಗಲೂ ತೊಟ್ಟೇ. ಪೈಪು ಬಾಯಿಗಿಟ್ಟು ಎಳೆದ. ಎಣ್ಣೆ ಬಾಯಿ ತುಂಬಿತು. ಥೂ ಥೂ ಅಂತ ಉಗಿದು, ತಲೆ ಕೆಟ್ಟು, ಬೈಕಿಗೆ ಜಾಡಿಸಿ ಒದ್ದ. ಬೈಕು ಅಲ್ಲಾಡಿತು. ಧಾರೆ ಮತ್ತೆ ಜೋರಾಗಿ ಬಂತು.

ಇಬ್ಬರೂ ಒಟ್ಟಿಗೆ, "ಒಳಗೇನೋ ಇದೆ!" ಅಂದೆವು. ಬೆಳಗಿನಿಂದ ನಾವು ಒಪ್ಪಿದ ಮೊದಲ ಮಾತು.

ಉಳಿದ ಎಣ್ಣೆ ಇಳಿಸಿ, ಟ್ಯಾಂಕು ಬಿಚ್ಚಿ, ಬೋರಲು ಹಾಕಿ ಅಲುಗಿಸಿದೆವು. ಉಗುರಗಲದ ಪ್ಲಾಸ್ಟಿಕ್ ಚೂರು ಹೊರಗೆ ಬಂತು. ರಸ್ತೆಬದಿಯ ಸೀಮೆಎಣ್ಣೆ ಬಾಟಲಿಗಳಿಗೆ ಪ್ಲಾಸ್ಟಿಕ್ ಸುತ್ತಿ ಬಿರಡೆ ಹಾಕುತ್ತಾರಲ್ಲ, ಅದರದ್ದು. ಎಣ್ಣೆ ಹರಿಯುವಾಗ ಅದು ತೂತಿನ ಬಾಯಿಗೆ ಬಂದು ಅಂಟಿಕೊಳ್ಳುತ್ತಿತ್ತು, ಹರಿವು ನಿಂತರೆ ಬಿಟ್ಟು ತೇಲುತ್ತಿತ್ತು.

"ಎಣ್ಣೆ ಸುರಿದೋನು ಯಾರು?" ಅಂದ ಭಾವ.

"ಒಂದು ದಿನ ನೀವು, ಒಂದು ದಿನ ನಾನು."

ಅದರ ಬಗ್ಗೆ ಜಗಳಕ್ಕೆ ಪುರಸೊತ್ತಿರಲಿಲ್ಲ. ಟ್ಯಾಂಕು ಕೂರಿಸಿ, ಎಣ್ಣೆ ಸುರಿದು, ಪೆಟ್ರೋಲಿನ ಕೊನೆಯ ಹನಿಗಳನ್ನು ಚಿಮುಕಿಸಿ ಹೊರಟೆವು. ಕೈದಡಿ, ಸಾವಕಚ್ಚೇರಿ, ಮೀಸಾಲೆ. ಬೈಕು ಒಂದು ಸಲವೂ ಕೆಮ್ಮಲಿಲ್ಲ.

ನಾವು ಚಪ್ಪರದೊಳಗೆ ನುಗ್ಗುವಾಗ ಹೆಣ್ಣು ಮಣೆಯ ಮೇಲೆ ಕೂತಾಗಿತ್ತು. ಪುರೋಹಿತರು ತಾಳಿಯ ತಟ್ಟೆಯನ್ನು ಆಶೀರ್ವಾದಕ್ಕೆ ಕಳಿಸಿದ್ದರು. ನಾನು ಡೋಲು ಕೊರಳಿಗೆ ಹಾಕಿಕೊಂಡೆ. ಭಾವ ನಾಗಸ್ವರಕ್ಕೆ ಪೀಪಿ ಸಿಕ್ಕಿಸಿ, ಉಸಿರು ಎಳೆದು ಊದಿದ.

ಸ್ವರ ಬರಲಿಲ್ಲ. ಗಾಳಿ ಹೋದ ಟೈರಿನ ಶಬ್ದ ಬಂತು.

ಆಗ ಅವನ ಮುಖ ನೋಡಿದೆ. ಬೆಳಗಿನಿಂದ ಸೀಮೆಎಣ್ಣೆ ಕುಡಿದ ತುಟಿ, ಮೇಲೆ ಬಿಸಿಲು, ತೊಳೆಯೋಣ ಅಂದರೆ ನೀರು ನಾವೇ ಚೆಲ್ಲಿದ್ದು. ತುಟಿ ಎರಡೂ ಕೆಂಪಗೆ ಊದಿ ಬಿರಿದಿದ್ದವು. ಇನ್ನೊಂದು ಸಲ ಪೀಪಿ ಕಚ್ಚಿದ. ಕಣ್ಣಲ್ಲಿ ನೀರು ಬಂತೇ ಹೊರತು ಷಡ್ಜ ಬರಲಿಲ್ಲ.

ಪುರೋಹಿತರು ನಮ್ಮ ಕಡೆ ಕೈ ಬೀಸಿ, "ಗಟ್ಟಿಮೇಳ, ಗಟ್ಟಿಮೇಳ!" ಅಂದರು.

ನಾನು ಭಾವನ ಕಡೆ ನೋಡಿದೆ. ಅವನು ನಾಗಸ್ವರವನ್ನು ತುಟಿಯಿಂದ ಇಳಿಸಿ ಎದೆಗೆ ಒತ್ತಿಕೊಂಡ. ನನ್ನ ಮೇಲೆ ಸಿಟ್ಟಿರುವ ಹಾಗೆ, ಹಲ್ಲುಕಚ್ಚಿ, "ಹೊಡಿ," ಅಂದ.

ಹೊಡೆದೆ. ಚಪ್ಪರದ ಕಂಬ ಅದುರುವ ಹಾಗೆ ಹೊಡೆದೆ. ತಾಳಿ ಕೊರಳಿಗೆ ಬಿತ್ತು, ಅಕ್ಷತೆ ಬಿತ್ತು, ಹೆಣ್ಣಿನ ತಾಯಿ ಅತ್ತಳು. ನಾಗಸ್ವರ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಭಾವನನ್ನು ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು ಅಂತ ಕಾಣುತ್ತದೆ.

ಊಟಕ್ಕೆ ಕೂತಾಗ ಅವನು ಹುಳಿ, ಖಾರ ಏನೂ ಮುಟ್ಟಲಿಲ್ಲ. ಬರೀ ಮೊಸರನ್ನ. ಬಡಿಸುತ್ತ ಬಂದ ತಿಲ್ಲೈಯಂಪಲಂ, "ಹಾಕಿ ಹಾಕಿ, ಪಾಯಸ ಹಾಕಿ. ಬೈಕು ಊದಿ ಸುಸ್ತಾಗಿದ್ದಾರೆ," ಅಂದ. ಪಂಕ್ತಿ ಪೂರ್ತಿ ನಕ್ಕಿತು. ನನಗೂ ನಗು ಬಂತು. ಎಲೆಯ ಕಡೆ ತಲೆ ಬಗ್ಗಿಸಿ ನುಂಗಿಕೊಂಡೆ.

ಹೊರಡುವಾಗ ಪೆಟ್ರೋಲ್ ಒಂದು ಹನಿಯೂ ಇರಲಿಲ್ಲ. ಮದುವೆ ಮನೆಯ ಹುಡುಗಿಯರ ಸೆಂಟಿನ ಬಾಟಲಿ ಬೇಡಿ ತಂದು, ಅದರಲ್ಲೂ ಸ್ಪಿರಿಟ್ ಇರುತ್ತದಲ್ಲ, ಕಾರ್ಬುರೇಟರ್‌ಗೆ ಚಿಮುಕಿಸಿದೆ. ಬೈಕು ಘಮಘಮಿಸುತ್ತ ಶುರುವಾಯಿತು.

ಮನೆಯಲ್ಲಿ ಅಕ್ಕ ತುಟಿಗೆ ತುಪ್ಪ ಸವರುತ್ತ, "ಸ್ವರ ಊದೋ ಬಾಯಲ್ಲಿ ಸೀಮೆಎಣ್ಣೆ ಊದ್ತಾರಾ ಯಾರಾದ್ರೂ? ನನ್ನ ತಮ್ಮ ಕೇದೀಸ್ವರನ್ ಜೊತೆಗೇ ಇದ್ದ ತಾನೆ, ಅವನಿಗೆ ಕೊಡೋಕೆ ಏನಾಗಿತ್ತು?" ಅಂತ ಗದರಿದಳು.

ತುಟಿ ಅಲ್ಲಾಡಿಸಲಾಗದ ಭಾವ ನನ್ನ ಕಡೆ ಬೆರಳು ತೋರಿಸಿದ, ತಪ್ಪೆಲ್ಲ ನನ್ನದೇ ಅನ್ನುವ ಹಾಗೆ.