ಗೋಣಿಚೀಲ ಹೊದ್ದ ರೂಟರ್

ನಾನು ಒಂದು ವೈಫೈ ರೂಟರ್. ಯಾವುದೋ ಕಾರ್ಖಾನೆಯಲ್ಲಿ, ಕೈಗವಸು ತೊಟ್ಟ ಬೆರಳುಗಳು ನನ್ನ ತಲೆಗೆ ಎರಡು ಕೊಂಬು ಸಿಕ್ಕಿಸಿದಾಗ ನನಗೆ ಜೀವ ಬಂತು. ಅವೇ ನನ್ನ ಬಾಯಿ, ಅವೇ ಕಿವಿ. ಕಣ್ಣು ಮಾತ್ರ ಕೊಡಲಿಲ್ಲ.

ಮೊದಲು ಹಾವೇರಿಯ ಒಂದು ಹಾಸ್ಟೆಲಿನ ಗೋಡೆಯೇರಿದೆ. ಹುಡುಗಿಯರಿಂದ ಬೈಗುಳ ತಿಂದೇ ವಯಸ್ಸಾಯಿತು. ಹೊಸ ರೂಟರ್ ಬಂದಾಗ ನನ್ನನ್ನು ಕಸದ ಬುಟ್ಟಿಯ ಪಕ್ಕ ಇಟ್ಟರು. ಅಲ್ಲಿಂದ ಎತ್ತಿಕೊಂಡವಳು ಕುಸುಮಾ. ಸಂಶೋಧನೆಗೆ ಸೇರಿದ್ದ, ಮಾತೇ ಆಡದ ಹುಡುಗಿ. ನನಗೆ ಹೊಸ ವಿದ್ಯೆ ಕಲಿಸಿದಳು. ನಾನು ಬಿಡುವ ಅಲೆಗಳು ಮನುಷ್ಯರ ಮೈಗೆ ತಾಗಿ ಬದಲಾಗುತ್ತವೆ. ಆ ಬದಲಾವಣೆಯಿಂದಲೇ ಯಾರೋ ಇದ್ದಾರೆ, ಇಂಥ ಮೂಲೆಯಲ್ಲಿದ್ದಾರೆ ಎಂದು ಅವಳ ಕಂಪ್ಯೂಟರಿನಲ್ಲಿ ಒಂದು ಹಸಿರು ಚುಕ್ಕೆ ಮೂಡುತ್ತಿತ್ತು. ಸುಮ್ಮನೆ ಕೂತು ಉಸಿರಾಡಿದರೂ ಸಾಕು.

ಪರೀಕ್ಷೆಗೆಂದು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ನನ್ನನ್ನೂ, ನನ್ನ ಅಲೆಗಳನ್ನು ಹಿಡಿಯಲು ಇನ್ನೊಂದು ರೂಟರನ್ನೂ ಒಯ್ದಳು. ಮೆಣಸಿನಕಾಯಿ ಚೀಲಗಳು ಸೂರಿನವರೆಗೆ ಪೇರಿಸಿದ್ದ, ಹೊರಗಿನಿಂದಷ್ಟೇ ತೆರೆಯುವ ಬಾಗಿಲಿನ, ಚಳಿ ಕೊರೆಯುವ ಕೋಣೆ. ಚೆಲ್ಲಿದ ಕಾಯಿ ಗುಡಿಸುವ ದ್ಯಾಮವ್ವ ನನ್ನನ್ನು ಕಂಡವಳೇ ಹಿಂದೆ ಸರಿದಳು.

"ಇದು ನೋಡ್ತೈತೇನ ತಂಗಿ?"

"ನೋಡಲ್ಲವ್ವಾ. ನೀರಾಗ ಕೈ ಆಡಿಸಿದ್ರ ತೆರಿ ಬದಲಾಗ್ತಾವಲ್ಲ, ಹಂಗ ತಿಳೀತೈತಿ."

"ತಿಳಿಯೂದೂ ನೋಡೂದೂ ಒಂದ ಅಲ್ಲೇನ?" ಎಂದವಳು, ಕುಸುಮಾ ಅತ್ತ ಹೋದೊಡನೆ ನನ್ನ ಮೇಲೆ ಒಂದು ಖಾಲಿ ಗೋಣಿಚೀಲ ಹೊದಿಸಿದಳು. ಸಾಹುಕಾರ ಮಾಲತೇಶಣ್ಣನಿಗೆ ಕೆಲಸದವರು ಕೂತರೆ ಆಗುತ್ತಿರಲಿಲ್ಲ. ಅವಳಿಗೋ ಮಂಡಿನೋವು. ಚೀಲದ ಮುಸುಕು ಹಾಕಿ, ಮೂಲೆಯಲ್ಲಿ ಕೊಂಚ ಹೊತ್ತು ಕೂರುತ್ತಿದ್ದಳು. ಒಣ ಗೋಣಿ ನನ್ನ ಅಲೆಗಳನ್ನು ತಡೆಯುವುದಿಲ್ಲವೆಂದು ಅವಳಿಗೆ ಹೇಳಲು ನನಗೆ ಮನುಷ್ಯರ ಮಾತು ಎಲ್ಲಿತ್ತು?

ಅಷ್ಟರಲ್ಲಿ ನನ್ನ ಮಾನ ಹೋಯಿತು. ತಂಪಿನ ಫ್ಯಾನಿನ ಗಾಳಿಗೆ ಚೀಲಗಳ ಮೇಲೆ ಹೊದಿಸಿದ್ದ ತಾಡಪತ್ರಿ ಅಲುಗಾಡಿದ್ದನ್ನೇ ಮನುಷ್ಯ ಎಂದು ತೋರಿಸಿಬಿಟ್ಟೆ. ಕುಸುಮಾ ಬಾಗಿಲು ತೆಗೆಸಿದಳು. ಒಳಗೆ ಯಾರೂ ಇರಲಿಲ್ಲ. "ದೆವ್ವಾನೂ ಹಿಡೀತೈತೇನ್ರಿ ನಿಮ್ಮ ಡಬ್ಬಿ?" ಎಂದು ಸಾಹುಕಾರ ನಕ್ಕ. ಅವಳ ದನಿ ಇನ್ನೂ ಸಣ್ಣದಾಯಿತು.

ಒಂದು ಸಂಜೆ ಕಾವಲುಗಾರ ಫಕ್ಕೀರಪ್ಪ ಬಾಗಿಲು ಹಾಕಿದ. ಅಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಒಳಬರುವುದು. ಹೊಸ್ತಿಲ ಮುಂದೆ ಚಪ್ಪಲಿ ಉಳಿದಿಲ್ಲವೆಂದರೆ ಒಳಗೆ ಯಾರೂ ಉಳಿದಿಲ್ಲ. ಆದರೆ ತನ್ನ ಚಪ್ಪಲಿಯೊಂದೇ ಹೊರಗುಳಿದರೆ ಕೂತದ್ದು ಗೊತ್ತಾದೀತೆಂದು ದ್ಯಾಮವ್ವ ಅಂದು ಅದನ್ನು ಸೆರಗಿನಲ್ಲಿ ಸುತ್ತಿ ಒಳಗೇ ತಂದಿದ್ದಳು. ಜ್ವರ ಬೇರೆ. ಕೂತಲ್ಲೇ ಕಣ್ಣು ಹತ್ತಿತ್ತು.

ಅವಳ ಉಸಿರು ನನ್ನ ಅಲೆಗಳನ್ನು ಮೆಲ್ಲಗೆ ಎತ್ತಿ ಇಳಿಸುತ್ತಿತ್ತು. ಬರಬರುತ್ತಾ ನಿಧಾನವಾಯಿತು. ಇದ್ದಾಳೆ, ಮೂಲೆಯಲ್ಲಿದ್ದಾಳೆ ಎಂದು ಕಳಿಸುತ್ತಲೇ ಇದ್ದೆ. ಆದರೆ ಒಮ್ಮೆ ಸುಳ್ಳಾದವನ ಮಾತನ್ನು ಯಾರು ನಂಬುತ್ತಾರೆ? ನಂಬಿದರೂ, ಆ ನಾಚಿಕೆಯ ಹುಡುಗಿ ಬಾಯಿ ಬಿಡುವಳೇ?

ಬಾಗಿಲಾಚೆ ಕುಸುಮಾಳ ಸಣ್ಣ ದನಿ ಕೇಳಿತು. "ಒಳಗ ಯಾರೋ ಅದಾರ್ರಿ."

"ಮತ್ತ ತಾಡಪತ್ರಿ ಇರಬೇಕು ಬಿಡ್ರಿ ಅಕ್ಕಾರ. ಹೊರಗ ಒಂದೂ ಚಪ್ಲಿ ಇಲ್ಲ," ಎಂದ ಫಕ್ಕೀರಪ್ಪ.

"ಬಾಗ್ಲಾ ತೆರೆದ್ರ ತಂಪು ಹೋಗ್ತೈತಿ," ಎಂದ ಸಾಹುಕಾರ.

ಕುಸುಮಾ ಅಲ್ಲಿಂದ ಹೋಗಿಯೇಬಿಟ್ಟಳೇನೋ ಎಂದುಕೊಂಡೆ.

"ಹಂಗಾರ ಫ್ಯಾನರ ಬಂದ್ ಮಾಡ್ರಿ. ತಾಡಪತ್ರಿ ಇದ್ರ ಚುಕ್ಕಿ ಹೋಗ್ತೈತಿ."

ಫ್ಯಾನು ನಿಂತಿತು. ತಾಡಪತ್ರಿ ನಿಂತಿತು. ಉಸಿರೊಂದು ನಿಲ್ಲಲಿಲ್ಲ.

"ತೆಗೀರಿ!" ಎಂದು ಕುಸುಮಾ ಚೀರಿದಳು. ಅವಳಿಗೆ ಅಂಥ ದನಿಯಿದೆಯೆಂದು ನನಗೇ ಗೊತ್ತಿರಲಿಲ್ಲ.

ಎತ್ತಿಕೊಂಡು ಹೋಗುವಾಗ ದ್ಯಾಮವ್ವ ನಡುಗುತ್ತ ಆಡಿದ ಮೊದಲ ಮಾತು, "ನಾ ಕುಂತಿರಲಿಲ್ಲರಿ ಸಾವ್ಕಾರ್ರ... ಈಗ ಕುಂತೆ."

ಸಾಹುಕಾರ ಕುಸುಮಾಳತ್ತ ತಿರುಗಿದ. "ಮೂಲ್ಯಾಗ ಯಾರರ ಎಷ್ಟೊತ್ತು ಕುಂತಾರ ಅನ್ನೂದೂ ತೋರಿಸ್ತೈತೇನ್ರಿ ಇದು?"

"ಇಲ್ಲರಿ," ಎಂದಳು ಕುಸುಮಾ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಜ್ವರ ಬಿಟ್ಟು ದ್ಯಾಮವ್ವ ಮರಳಿದಾಗ ಇನ್ನಾದರೂ ಮುಸುಕು ತೆಗೆಯುವಳೆಂದು ಕಾದೆ. ಅವಳು ಇನ್ನೊಂದು ಚೀಲ ಹೊದಿಸಿದಳು. "ಉಳಿಸಿದಿ, ಖರೆ," ಎಂದು ಪಿಸುಗುಟ್ಟಿದಳು. "ಆದ್ರ ನೋಡಿದಿಯಲ್ಲೋ!"

ಈಗ ಒಂದು ಕೊಂಬು ಮುರಿದು, ಕುಸುಮಾಳ ಕಾಲೇಜಿನ ಬೀರುವಿನಲ್ಲಿದ್ದೇನೆ. ಸುತ್ತಿಕೊಂಡು ಬಂದ ಗೋಣಿಯಲ್ಲಿ ಖಾರದ ಘಾಟು ಇನ್ನೂ ಹೋಗಿಲ್ಲ. ಕರೆಂಟಿಲ್ಲ. ದ್ಯಾಮವ್ವ ಎಲ್ಲಿಯಾದರೂ ದಣಿದು ಕೂತಿದ್ದರೆ ಇನ್ನು ನನಗೆ ತಿಳಿಯುವುದಿಲ್ಲ. ಅವಳು ನೆಮ್ಮದಿಯಾಗಿ ಕೂತಿರಲಿ ಎನ್ನುತ್ತೇನೆ. ಮರುಗಳಿಗೆಯೇ, ಬಾಗಿಲು ಹಾಕುವ ಮುನ್ನ ಒಳಗೆ ಯಾರಾದರೂ ನೋಡಿದರೋ ಇಲ್ಲವೋ ಎಂದು ದಿಗಿಲಾಗುತ್ತದೆ.